ಹಲೋ ಮೇಡಂ

ಫೋನಿನಲ್ಲಿ ನಾನು ಮೇಡಂ. ವಿಮೆ ಮಾರುವವರಿಗೆ, ಪಾರ್ಸೆಲ್ ತರುವ ಹುಡುಗರಿಗೆ, ಸಾಲ ಬೇಕೇ ಎಂದು ಕೇಳುವವರಿಗೆ, ಎಲ್ಲರಿಗೂ. ವಯಸ್ಸು ನಲವತ್ತು ದಾಟಿದೆ, ಮೀಸೆ ದಪ್ಪಗಿದೆ, ಆದರೂ ನಾನು ‘ಹಲೋ’ ಅನ್ನುತ್ತಿದ್ದಂತೆ ಆ ಕಡೆಯವರು ‘ಮೇಡಂ, ಸರ್ ಇದ್ದಾರಾ?’ ಅನ್ನುತ್ತಾರೆ. ‘ಸರ್ರೇ ಮಾತಾಡ್ತಿರೋದು’ ಅಂದಾಗ ಒಂದು ಕ್ಷಣ ಅಲ್ಲಿ ಸದ್ದಿರುವುದಿಲ್ಲ. ಆಮೇಲೆ ಬರುವ ‘ಸಾರಿ ಸರ್’ ಇದೆಯಲ್ಲ, ಅದರೊಳಗೆ ಅದುಮಿಟ್ಟ ನಗು ಎಷ್ಟಿದೆ ಎಂದು ಅಳೆಯುವುದರಲ್ಲಿ ನಾನು ಪಳಗಿದ್ದೇನೆ. ಇದಕ್ಕೊಂದು ವೈಜ್ಞಾನಿಕ ಸಬೂಬನ್ನೂ ಹುಡುಕಿಟ್ಟುಕೊಂಡಿದ್ದೇನೆ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಹಳೆಯ ದೂರವಾಣಿ ಜಾಲ 300ರಿಂದ 3,400 ಹರ್ಟ್ಸ್ ನಡುವಿನದನ್ನಷ್ಟೇ ದಾಟಿಸುತ್ತಿತ್ತು. ಅಂದರೆ ನನ್ನ ಗಂಡಸುತನವೆಲ್ಲ ತಂತಿಯ ಈಚೆಯೇ ಉಳಿದುಬಿಡುತ್ತಿತ್ತು! ಕೇಳಲು ಚೆನ್ನಾಗಿದೆ. ಆದರೆ ನನ್ನ ಪಕ್ಕದ ಮೇಜಿನವರ ದನಿಯೂ ಅದೇ ತಂತಿಯಲ್ಲಿ ಹೋಗುತ್ತಿತ್ತು, ಅವರನ್ನು ಯಾರೂ ಮೇಡಂ ಅನ್ನಲಿಲ್ಲ.

ಆಫೀಸಿಗೆ ಹೊಸದಾಗಿ ಸೇರಿದ ಒಬ್ಬರು, ಬಂದ ಮೊದಲ ದಿನವೇ ‘ನಿನ್ನೆ ಫೋನ್ ಎತ್ತಿದ ಮೇಡಂ ಎಲ್ಲಿ?’ ಎಂದು ನನ್ನೆದುರೇ ಕೇಳಿಬಿಟ್ಟಿದ್ದರು. ವಿಭಾಗ ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಇಂಥ ದನಿಯಿಟ್ಟುಕೊಂಡು ಬದುಕುವವನಿಗೆ ಎರಡೇ ದಾರಿ. ಒಂದು, ಬಾಯಿ ಮುಚ್ಚಿಕೊಂಡಿರುವುದು. ಇನ್ನೊಂದು, ಅವರು ನಗುವ ಮೊದಲು ತಾನೇ ನಗಿಸಿಬಿಡುವುದು. ನಾನು ಎರಡನೆಯದನ್ನು ಹಿಡಿದೆ. ಹಾಗಾಗಿ ಆಫೀಸಿನಲ್ಲಿ ಯಾವ ಸಮಾರಂಭವಾದರೂ ನಿರೂಪಣೆ ನನ್ನದೇ. ಬೀಳ್ಕೊಡುಗೆ, ವಾರ್ಷಿಕೋತ್ಸವ, ಬಹುಮಾನ ವಿತರಣೆ, ಏನೇ ಇರಲಿ, ಮೈಕು ನನ್ನ ಕೈಗೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಮುಂದಿನದನ್ನು ಮನ್ನಿಸಲಿ ಅಂತಲ್ಲ. ನಗೆಪಾಟಲಾದವನಿಗೆ ಬೇರೆಯವರ ನೋವು ಚೆನ್ನಾಗಿ ಅರ್ಥವಾಗುತ್ತದೆ ಅನ್ನುತ್ತಾರಲ್ಲ, ಆ ಮಾತು ಎಷ್ಟು ಪೊಳ್ಳು ಅನ್ನುವುದಕ್ಕೆ ನಾನೇ ಉದಾಹರಣೆ.

ನಾಲ್ಕಾಗಿ ಮಡಚಿದ ಕಾಗದ

ನಮ್ಮ ವಿಭಾಗದಲ್ಲಿ 23 ಜನ. ಅದರಲ್ಲಿ ಹೆಂಗಸರು ಮೂವರು. ಮೂವರಲ್ಲಿ ಹಿರಿಯರಾದವರಿಗೆ ಬಡ್ತಿಯಾಗಿ, ವಿಭಾಗದ ಮುಖ್ಯಸ್ಥರಾದರು. ಅಭಿನಂದನೆಯ ಸಣ್ಣ ಕಾರ್ಯಕ್ರಮ. ಬೇರೆ ವಿಭಾಗದವರೂ ಬಂದಿದ್ದರು, ಹಾಲು ತುಂಬಿತ್ತು. ಸ್ವಾಗತ ಮುಗಿಸಿ, ಅವರನ್ನು ಮಾತಾಡಲು ಕರೆಯುವ ಮುಂಚೆ ನಾನು ಅಂದೆ: ‘ಇಷ್ಟು ದಿನ ಮನೇಲಿ ಹೆಂಡತಿ ಮಾತು ಕೇಳಿ ಕೇಳಿ ಸಾಕಾಗಿ ಆಫೀಸಿಗೆ ಓಡಿ ಬರ್ತಿದ್ವಿ. ಇನ್ನು ಇಲ್ಲಿಂದ ಎಲ್ಲಿಗೆ ಓಡೋದು ಸ್ವಾಮಿ?’

ಹಾಲು ಎದ್ದು ಬೀಳುವಂತೆ ನಕ್ಕಿತು. ಯಾರೋ ಮೇಜು ಕುಟ್ಟಿದರು. ನನಗೆ ಆ ಸದ್ದು ಬಹಳ ಇಷ್ಟ, ಸುಳ್ಳು ಹೇಳುವುದಿಲ್ಲ. ಅವರೂ ನಕ್ಕರು. ನಗುತ್ತಲೇ ಎದ್ದು ಬಂದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು. ಮೈಕಿನ ಮುಂದೆ ನಿಂತು ಅದನ್ನು ಬಿಡಿಸಿದರು. ನೋಡಿದರು. ಮತ್ತೆ ಮಡಚಿದರು, ಅದೇ ಗೆರೆಗಳ ಮೇಲೆ, ನಾಲ್ಕಾಗಿ. ‘ಎಲ್ಲರಿಗೂ ಧನ್ಯವಾದ’ ಎಂದಷ್ಟೇ ಹೇಳಿ ಹೋಗಿ ಕೂತರು. ಪಾಪ, ಸಭಾಕಂಪ ಅಂದುಕೊಂಡೆ. ಅಷ್ಟೇ ಅಲ್ಲ, ಅದನ್ನು ಮೈಕಿನಲ್ಲೇ ಹೇಳಿ ಇನ್ನೊಂದು ನಗು ಗಿಟ್ಟಿಸಿಕೊಂಡೆ.

ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವಾಗ, ಆ ಮೂವರಲ್ಲಿ ಕಿರಿಯವಳಾದ ಹುಡುಗಿ ಹತ್ತಿರ ಬಂದು, ‘ಸರ್, ಅದು ಬೇಕಿತ್ತಾ?’ ಅಂದಳು. ಯಾವುದು ಎಂದು ಕೇಳಲಿಲ್ಲ ನಾನು. ಕೇಳದೇ ಇದ್ದದ್ದರಲ್ಲೇ ನನಗೆ ಗೊತ್ತಿತ್ತು ಅಂತಾಯಿತಲ್ಲ! ‘ಅಯ್ಯೋ, ತಮಾಷೆಗೆ ಹೇಳಿದ್ದಮ್ಮಾ. ಮೇಡಮ್ಮೇ ನಕ್ಕರಲ್ಲ’ ಅಂದೆ. ಅವಳು ಮತ್ತೊಂದು ಕುರ್ಚಿ ಎತ್ತಿಕೊಂಡು ಹೋದಳು.

ಮೇಡಮ್ಮೇ ನಕ್ಕರಲ್ಲ

ಆ ಎರಡು ಪದದ ಸಾಕ್ಷಿಯ ಮೇಲೆ ನಾನು ಕೆಲವು ದಿನ ಆರಾಮಾಗಿ ನಿದ್ದೆ ಮಾಡಿದೆ. ಆಮೇಲೆ ಆ ಮಡಚಿದ ಕಾಗದ ಕಾಡತೊಡಗಿತು. ನಗು ಅಂದರೆ ಒಪ್ಪಿಗೆಯೇ? ನಗಿಸುವುದನ್ನೇ ಅಭ್ಯಾಸ ಮಾಡಿಕೊಂಡವನು ನಗುವಿನ ಬಗ್ಗೆ ಏನೂ ಓದಿರಲಿಲ್ಲ. ಓದಿದೆ.

ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ನರವಿಜ್ಞಾನಿಯೊಬ್ಬರು ಜನ ಸೇರುವ ಜಾಗಗಳಲ್ಲಿ ಕದ್ದು ಕೇಳಿಸಿಕೊಂಡು, ಯಾರು ಯಾವಾಗ ನಗುತ್ತಾರೆ ಎಂದು ಬರೆದಿಟ್ಟರು. ಅಂಥ 1,200 ಪ್ರಸಂಗಗಳನ್ನು ಕಲೆಹಾಕಿ 1993ರಲ್ಲಿ ಪ್ರಕಟಿಸಿದರು. ನಗುವಿಗೆ ಮುಂಚೆ ಆಡಿದ ಮಾತುಗಳಲ್ಲಿ ಹಾಸ್ಯ ಅನ್ನಬಹುದಾದದ್ದು ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದೆಲ್ಲ ‘ಬರ್ತೀನಿ’, ‘ಹೌದಾ’, ‘ನೋಡೋಣ’ ಥರದ ಮಾತುಗಳು. ಜನ ನಗುವುದು ಹೆಚ್ಚಾಗಿ ಹಾಸ್ಯಕ್ಕಲ್ಲ, ಇನ್ನೊಬ್ಬರು ಎದುರಿಗಿದ್ದಾರೆ ಅನ್ನುವ ಕಾರಣಕ್ಕೆ. ಅಂದರೆ ನನ್ನ ಹಾಲಿನಲ್ಲಿ ಎದ್ದ ನಗುವಿನಲ್ಲಿ ನನ್ನ ಜೋಕಿನ ಪಾಲೆಷ್ಟು, ಪಕ್ಕದವನು ನಗುತ್ತಿದ್ದಾನೆ ಅನ್ನುವುದರ ಪಾಲೆಷ್ಟು? ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆಯಲ್ಲದಿದ್ದರೂ ಅಹಂಕಾರದ ಪ್ರಶ್ನೆ. ಸ್ವಲ್ಪ ನೋವಾಯಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಜೂಲಿ ವುಡ್ಜಿಕಾ ಮತ್ತು ಮರಿಯಾನ್ ಲಾಫ್ರಾನ್ಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞೆಯರು ಮಾಡಿದ್ದು. ಮೊದಲು ಒಂದಷ್ಟು ಹೆಂಗಸರಿಗೆ ಕೇಳಿದರು: ಕೆಲಸದ ಸಂದರ್ಶನದಲ್ಲಿ ಗಂಡಸೊಬ್ಬ ‘ನಿಮಗೆ ಬಾಯ್‌ಫ್ರೆಂಡ್ ಇದ್ದಾನಾ’ ಥರದ ಅಸಭ್ಯ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಶೇ 62ರಷ್ಟು ಮಂದಿ ಅವನನ್ನು ಪ್ರಶ್ನಿಸುತ್ತೇವೆ, ಹಾಗೆ ಕೇಳಬಾರದು ಅನ್ನುತ್ತೇವೆ ಎಂದರು. ಸಿಟ್ಟು ಬರುತ್ತದೆ ಎಂದವರೂ ಬಹಳ. ಆಮೇಲೆ ಬೇರೆ ಹೆಂಗಸರನ್ನು ನಿಜವಾದ ಕೆಲಸವೆಂದೇ ನಂಬಿಸಿ ಸಂದರ್ಶನಕ್ಕೆ ಕೂರಿಸಿ, ನಿಜವಾಗಿಯೇ ಆ ಪ್ರಶ್ನೆಗಳನ್ನು ಕೇಳಿದರು. ಒಬ್ಬರೂ ಉತ್ತರಿಸಲು ನಿರಾಕರಿಸಲಿಲ್ಲ. ಅವರಿಗೆ ಹುಟ್ಟಿದ್ದು ಸಿಟ್ಟಿಗಿಂತ ಹೆಚ್ಚಾಗಿ ಭಯ. ಮುಖದ ಮೇಲೆ ಮೂಡಿದ್ದು ಮುಗುಳ್ನಗೆ. ಆದರೆ ಎಂಥದ್ದು? ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಡುಷೇನ್ ಮುಖದ ಸ್ನಾಯುಗಳನ್ನು ವಿದ್ಯುತ್ತಿನಿಂದ ಕೆಣಕಿ ತೋರಿಸಿದ ಹಾಗೆ, ನಿಜವಾದ ನಗುವಿನಲ್ಲಿ ಬಾಯಿಯ ಜೊತೆ ಕಣ್ಣಿನ ಸುತ್ತಲ ಸ್ನಾಯುವೂ ಕುಗ್ಗುತ್ತದೆ. ಈ ಹೆಂಗಸರ ನಗುವಿನಲ್ಲಿ ಹೆಚ್ಚಿನವು ಬಾಯಿಯಲ್ಲಿ ಮಾತ್ರ ಇದ್ದಂಥವು.

ಅಂದು ಅವರ ಕಣ್ಣು ನಕ್ಕಿತ್ತಾ? ನೆನಪಿಲ್ಲ. ನಾನು ನೋಡಿದ್ದು ಹಾಲನ್ನು. ನಿರೂಪಕನ ಕಣ್ಣು ಯಾವಾಗಲೂ ನಗುತ್ತಿರುವವರ ಕಡೆಗೇ ಇರುತ್ತದೆ.

ನಮ್ಮ ವಿಭಾಗದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೋಸಬೆತ್ ಮಾಸ್ ಕ್ಯಾಂಟರ್ ಎಂಬ ಸಮಾಜಶಾಸ್ತ್ರಜ್ಞೆ 1977ರಲ್ಲಿ ಒಂದು ದೊಡ್ಡ ಕಂಪನಿಯನ್ನು ಒಳಗಿಂದ ನೋಡಿ ಬರೆದದ್ದು: ಒಂದು ಗುಂಪಿನಲ್ಲಿ ಹೆಂಗಸರು ಶೇ 15 ದಾಟದಿದ್ದಾಗ, ಅವರು ವ್ಯಕ್ತಿಗಳಾಗಿ ಉಳಿಯುವುದಿಲ್ಲ, ‘ಹೆಂಗಸು’ ಅನ್ನುವುದರ ಮಾದರಿಯಾಗಿಬಿಡುತ್ತಾರೆ. ಅಷ್ಟೇ ಅಲ್ಲ, ಗಂಡಸರು ಅವರೆದುರು ತಮ್ಮ ಗಂಡಸರ ಮಾತು, ಗಂಡಸರ ಜೋಕು ಹೆಚ್ಚು ಮಾಡುತ್ತಾರೆ, ಕಡಿಮೆಯಲ್ಲ. ಹೆಂಗಸರ ಮೇಲಿನ ಜೋಕಿಗೆ ಆಕೆ ನಕ್ಕಳೋ ಇಲ್ಲವೋ ಅನ್ನುವುದು ಒಂದು ಪರೀಕ್ಷೆ. ನಕ್ಕರೆ ನಮ್ಮವಳು. 23ರಲ್ಲಿ 3 ಅಂದರೆ ಶೇ 13. ನಾನು ಅಂದು ವೇದಿಕೆಯ ಮೇಲೆ ನಿಂತು, ಬಡ್ತಿಯ ಪರೀಕ್ಷೆ ಮುಗಿಸಿ ಬಂದವರಿಗೆ ಇನ್ನೊಂದು ಪರೀಕ್ಷೆ ಇಟ್ಟಿದ್ದೆ. ಅವರು ಪಾಸಾದರು. ‘ಮೇಡಮ್ಮೇ ನಕ್ಕರಲ್ಲ’ ಎಂದು ನಾನೇ ಅಂಕಪಟ್ಟಿ ಹಿಡಿದು ಓಡಾಡಿದೆ.

ಸೂಕ್ಷ್ಮ

ಒಂದು ವಾರದ ನಂತರ ಅವರಿಗೆ ಮೆಸೇಜು ಕಳಿಸಿದೆ. ‘ನನ್ನ ಮಾತಿನಿಂದ ಬೇಜಾರಾಗಿದ್ದರೆ ಕ್ಷಮಿಸಿ.’ ‘ಪರವಾಗಿಲ್ಲ ಸರ್’ ಎಂದು ಉತ್ತರ ಬಂತು, ಜೊತೆಗೊಂದು ನಗುವ ಮುಖ. (ಆ ಹಳದಿ ಮುಖಕ್ಕೆ ಕಣ್ಣಿನ ಸುತ್ತ ಸ್ನಾಯುವಿಲ್ಲ.) ಕಳಿಸಿದ ಮೇಲೆ ನನ್ನ ವಾಕ್ಯವನ್ನೇ ಮತ್ತೆ ಓದಿದೆ. ‘ಆಗಿದ್ದರೆ’ ಎಂಬಲ್ಲಿನ ‘ದರೆ’ ಎಷ್ಟು ಜಾಣ ಪ್ರತ್ಯಯ! ಹೇಳಿದ್ದು ನಾನು ಅನ್ನುವುದು ಮರೆಯಾಗಿ, ಬೇಜಾರಾಯಿತೋ ಇಲ್ಲವೋ ಎಂದು ತಡಕಿ ನೋಡಿಕೊಳ್ಳುವ ಕೆಲಸ ಅವರ ತಲೆಗೆ ಬಿತ್ತು. ಆಯಿತು ಅಂದರೆ ಅವರು ತೀರಾ ಸೂಕ್ಷ್ಮ. ಆಗಲಿಲ್ಲ ಅಂದರೆ ನಾನು ಬಚಾವು.

ಈ ‘ಸೂಕ್ಷ್ಮ’ ಅನ್ನುವ ಪದವನ್ನೇ ನೋಡಿ. ಸೂಕ್ಷ್ಮ ಓದುಗ ಅಂದರೆ ಹೊಗಳಿಕೆ. ಸೂಕ್ಷ್ಮ ಕಿವಿ ಇರುವ ಸಂಗೀತಗಾರ, ಸೂಕ್ಷ್ಮ ಕಣ್ಣಿನ ಚಿತ್ರಗಾರ, ಸೂಕ್ಷ್ಮವಾದ ತಕ್ಕಡಿ, ಎಲ್ಲವೂ ಬೆಲೆಯುಳ್ಳವು. ಬೇರೆಯವರಿಗೆ ಕಾಣದ್ದು ಇವರಿಗೆ ಕಾಣುತ್ತದೆ ಎಂದರ್ಥ. ಅದೇ ಪದವನ್ನು ಸಹೋದ್ಯೋಗಿ ಹೆಂಗಸಿನ ಬಗ್ಗೆ, ‘ಅವರು ಸ್ವಲ್ಪ ಸೂಕ್ಷ್ಮ, ಹುಷಾರು’ ಎಂದು ಹೇಳಿದಾಗ ಅರ್ಥ ತಲೆಕೆಳಗಾಗುತ್ತದೆ. ಇಲ್ಲದ್ದನ್ನು ಕಾಣುವವರು ಎಂದಾಗುತ್ತದೆ. ತಕ್ಕಡಿ ಒಂದು ಗುಂಜಿಗೂ ಬಾಗಿದರೆ ತಕ್ಕಡಿಯನ್ನು ಮೆಚ್ಚುತ್ತೇವೆ. ಮನುಷ್ಯರು ಬಾಗಿದರೆ ‘ಮನಸ್ಸಿಗೆ ಹಚ್ಚಿಕೋಬೇಡಿ’ ಅನ್ನುತ್ತೇವೆ.

ಹಾಗೆ ನೋಡಿದರೆ ನಗುವಿನ ವಿಷಯದಲ್ಲಿ ನಮ್ಮ ಹಳಬರೇ ನಮಗಿಂತ ಸೂಕ್ಷ್ಮವಾಗಿದ್ದರು. ಭರತನ ನಾಟ್ಯಶಾಸ್ತ್ರ ನಗುವನ್ನು ಆರಾಗಿ ವಿಂಗಡಿಸುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲಿನದರಲ್ಲಿ ಹಲ್ಲೂ ಕಾಣುವುದಿಲ್ಲ. ಕೊನೆಯವೆರಡು ಅಧಮರ ನಗು, ಹೊತ್ತುಗೊತ್ತಿಲ್ಲದ್ದು, ಕಣ್ಣಲ್ಲಿ ನೀರು ಬರುವಂಥದ್ದು. ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂದು ಇನ್ನೊಂದು ವಿಂಗಡಣೆ ಬೇರೆ. ಅದರ ಉತ್ತಮ ಮಧ್ಯಮ ಅಧಮದ ಏಣಿಯನ್ನು ನಾನು ಒಪ್ಪುವುದಿಲ್ಲ, ಹೆಂಗಸರನ್ನು ಅದು ಯಾವ ಮೆಟ್ಟಿಲಲ್ಲಿ ಕೂರಿಸುತ್ತದೆ ಅನ್ನುವುದು ಬೇರೆಯದೇ ಜಗಳ. ಆದರೆ ನಗುವೆಲ್ಲ ಒಂದೇ ಅಲ್ಲ ಅನ್ನುವ ತಿಳಿವಳಿಕೆ ಅಲ್ಲಿದೆ. ಆಡುಮಾತಿನಲ್ಲೂ ಅದು ಉಳಿದಿದೆ. ಕೀಟಲೆ ಬೇರೆ, ಲೇವಡಿ ಬೇರೆ, ಗೇಲಿ ಬೇರೆ, ಕುಚೋದ್ಯ ಬೇರೆ, ಕುಹಕ ಬೇರೆ. ಸಿಕ್ಕಿಬಿದ್ದಾಗ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ‘ತಮಾಷೆ’.

ಹುಡುಗಿಯರ ಸಾಲು

ಇಷ್ಟೆಲ್ಲ ಓದುತ್ತಿದ್ದಾಗ, ಬೇಡಬೇಡವೆಂದರೂ ಒಂದು ಹಳೆಯ ದಿನ ನೆನಪಿಗೆ ಬರುತ್ತಿತ್ತು. ಎಂಟನೆಯ ತರಗತಿ. ಜೊತೆಯ ಹುಡುಗರ ದನಿಯೆಲ್ಲ ಒಡೆದು ಗೊಗ್ಗರಾಗುತ್ತಿದ್ದ ವರ್ಷ. ನನ್ನದು ಇದ್ದಲ್ಲೇ ಇತ್ತು. ಪಾಠ ಓದಲು ನನ್ನನ್ನು ಎಬ್ಬಿಸಿದರು. ನಾಲ್ಕು ಸಾಲು ಓದಿರಬೇಕು, ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, ಗಂಭೀರವಾಗಿ, ‘ನೀನು ತಪ್ಪು ಜಾಗದಲ್ಲಿ ಕೂತಿದ್ದೀಯಲ್ಲಮ್ಮ, ಹೋಗು, ಆ ಕಡೆ ಹುಡುಗಿಯರ ಸಾಲಿನಲ್ಲಿ ಕೂತ್ಕೋ’ ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ಸುಮ್ಮನೆ ಹೇಳಿದ್ದಲ್ಲ, ಕಳಿಸಿಯೇ ಬಿಟ್ಟರು. ಪುಸ್ತಕ ಎತ್ತಿಕೊಂಡು ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತೆ. ಅಲ್ಲಿದ್ದ ಹುಡುಗಿ ತುಸು ಸರಿದು ಜಾಗ ಕೊಟ್ಟಳು. ಗಂಟೆ ಹೊಡೆಯುವವರೆಗೆ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಈ ದೃಶ್ಯವನ್ನು ನನ್ನ ಕಡೆಯಿಂದ ಮಾತ್ರ ನೋಡಿಕೊಂಡು ಬಂದಿದ್ದೆ. ನನಗಾದ ಅವಮಾನ, ನನ್ನ ದನಿ, ನನ್ನ ಕಿವಿ. ಮೊನ್ನೆ ಮೊದಲ ಬಾರಿಗೆ ಆ ಬೆಂಚಿನಲ್ಲಿ ಮೊದಲೇ ಕೂತಿದ್ದವರ ನೆನಪಾಯಿತು. ಅವರು ದಿನವೂ ಕೂರುತ್ತಿದ್ದ ಜಾಗವದು. ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯಾಗಿ ಕೊಡುವ ಜಾಗ ತಮ್ಮದು ಎಂದು ಆ ದಿನ ಅವರಿಗೂ ಪಾಠವಾಯಿತು. ಯಾರೂ ಅವರ ಬಗ್ಗೆ ಏನೂ ಅಂದಿರಲಿಲ್ಲ, ಜೋಕು ಇದ್ದದ್ದು ನನ್ನ ಮೇಲೆ. ಅವರೂ ನಕ್ಕರು, ನನಗೆ ಚೆನ್ನಾಗಿ ನೆನಪಿದೆ. ಹಾಗೆ ನಕ್ಕದ್ದಕ್ಕೆ ನಾನು ಅವರನ್ನು ಮೇಷ್ಟ್ರಿಗಿಂತ ಹೆಚ್ಚು ದ್ವೇಷಿಸಿದ್ದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಇನ್ನೂ ಮುಜುಗರ. ಹೆಣ್ಣುದನಿ ಅಂದದ್ದಕ್ಕೆ ನನಗೆ ಅಷ್ಟೊಂದು ಉರಿ ಯಾಕೆ ಬಂತು? ಆನೆಯ ದನಿ ಅಂದಿದ್ದರೆ ಬರುತ್ತಿರಲಿಲ್ಲ. ಹೆಣ್ಣಾಗುವುದು ಒಂದು ಮೆಟ್ಟಿಲು ಕೆಳಗಿಳಿದಂತೆ ಎಂದು ನಾನೂ ನಂಬಿದ್ದೆ. ಮೇಷ್ಟ್ರ ಜೋಕು ಕೆಲಸ ಮಾಡಬೇಕಾದರೆ ಆ ನಂಬಿಕೆ ಅವರಲ್ಲಿ ಇದ್ದರೆ ಸಾಲದು, ನನ್ನಲ್ಲೂ ಇರಬೇಕು. ನನ್ನ ನೋವು ನಿಜ, ಆದರೆ ಅದನ್ನು ಕಟ್ಟಿದ್ದು ಅದೇ ಕಲ್ಲಿನಿಂದ. ಆ ಏಣಿಯನ್ನು ನಾನು ಎಂದೂ ದೂಷಿಸಲಿಲ್ಲ, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದ್ದನ್ನು ಮಾತ್ರ ದೂಷಿಸಿದೆ. ಮೈಕು ಸಿಕ್ಕಿದ ದಿನ, ಏಣಿಯನ್ನು ಹಾಗೆಯೇ ಇಟ್ಟುಕೊಂಡು, ನಾಲ್ಕು ಮೆಟ್ಟಿಲು ಮೇಲೆ ಹತ್ತಿ ನಿಂತು ಕೆಳಗೆ ನೋಡಿ ಜೋಕು ಹೇಳಿದೆ.

ಹಾಗಾದರೆ ಬಾಯಿಗೆ ಬೀಗ ಹಾಕಿಕೋಬೇಕಾ?

ಇದನ್ನೆಲ್ಲ ಹೇಳಿಕೊಂಡಾಗ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ‘ಎಲ್ಲದಕ್ಕೂ ಹೀಗೆ ಭೂತಗನ್ನಡಿ ಹಿಡಿದರೆ ನಗೋದೇ ನಿಂತು ಹೋಗುತ್ತಪ್ಪಾ. ಒಂದು ಜೋಕಿನಿಂದ ಏನು ಪ್ರಳಯ ಆಗುತ್ತೆ?’ ಅವನ ಮಾತು ಪೂರ್ತಿ ತಪ್ಪಲ್ಲ. ಜೋಕು ಹೊಸದಾಗಿ ದ್ವೇಷ ಹುಟ್ಟಿಸುವುದಿಲ್ಲ. ಥಾಮಸ್ ಫೋರ್ಡ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗಂಡಸರಿಗೆ ಹೆಂಗಸರನ್ನು ಹೀಗಳೆಯುವ ಜೋಕುಗಳನ್ನು ಓದಿಸಿ, ಆಮೇಲೆ ಒಂದು ಮಹಿಳಾ ಸಂಘಟನೆಗೆ ಎಷ್ಟು ದೇಣಿಗೆ ಕೊಡಲು ಸಿದ್ಧ ಎಂದು ಕೇಳಿದರು. ಹೆಂಗಸರ ಬಗ್ಗೆ ಮುಂಚಿನಿಂದಲೇ ಹಗೆ ಇಟ್ಟುಕೊಂಡಿದ್ದವರು ಕೈ ಬಿಗಿ ಹಿಡಿದರು. ಉಳಿದವರ ಮೇಲೆ ಅಂಥ ಪರಿಣಾಮವಾಗಲಿಲ್ಲ. ಕುತೂಹಲದ ಸಂಗತಿಯೆಂದರೆ, ಅದೇ ಹೀಗಳಿಕೆಯನ್ನು ಜೋಕಿಲ್ಲದೆ, ಗಂಭೀರವಾದ ಮಾತಾಗಿ ಓದಿಸಿದಾಗ ಹಗೆಯುಳ್ಳವರೂ ಹಾಗೆ ಕೈ ಬಿಗಿ ಹಿಡಿಯಲಿಲ್ಲ. ಮಾತು ಬೆತ್ತಲೆಯಾಗಿ ಬಂದರೆ ಜನ ಎಚ್ಚರವಾಗುತ್ತಾರೆ. ನಗುವಿನ ಬಟ್ಟೆ ಹಾಕಿಕೊಂಡು ಬಂದರೆ, ಇಲ್ಲಿ ಇದೆಲ್ಲ ನಡೆಯುತ್ತದೆ ಎಂದು ಅಪ್ಪಣೆ ಸಿಕ್ಕಿದಂತೆ. ನನ್ನ ಹಾಲಿನಲ್ಲಿ ಅಂಥ ಅಪ್ಪಣೆಗಾಗಿ ಕಾಯುತ್ತಿದ್ದವರು ಎಷ್ಟು ಜನ ಇದ್ದರು? ಮೈಕು ಹಿಡಿದವನಿಗೆ ಅದು ಗೊತ್ತಾಗುವ ಉಪಾಯವಿಲ್ಲ. ಮೇಜು ಕುಟ್ಟಿದವರು ಯಾರೆಂದು ಈಗ ಯೋಚಿಸುತ್ತೇನೆ.

ಗೆಳೆಯನ ಇನ್ನೊಂದು ಅಸ್ತ್ರ ಟಿಮ್ ಹಂಟ್. ನೊಬೆಲ್ ಪಡೆದ ಈ ಬ್ರಿಟಿಷ್ ವಿಜ್ಞಾನಿ 2015ರ ಜೂನ್‌ನಲ್ಲಿ ಸೋಲ್ ನಗರದ ವಿಜ್ಞಾನ ಪತ್ರಕರ್ತರ ಸಮ್ಮೇಳನದಲ್ಲಿ, ಹುಡುಗಿಯರು ಪ್ರಯೋಗಾಲಯದಲ್ಲಿದ್ದರೆ ಏನಾಗುತ್ತದೆಂದರೆ ನೀವು ಅವರನ್ನು ಪ್ರೀತಿಸುತ್ತೀರಿ, ಅವರು ನಿಮ್ಮನ್ನು ಪ್ರೀತಿಸುತ್ತಾರೆ, ಟೀಕಿಸಿದರೆ ಅಳುತ್ತಾರೆ ಎಂಬರ್ಥದ ಮಾತಾಡಿದರು. ತಮಾಷೆಗೆ ಹೇಳಿದ್ದು ಎಂದರು. ಕೆಲವೇ ದಿನಗಳಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗೌರವ ಪ್ರಾಧ್ಯಾಪಕ ಹುದ್ದೆ ಬಿಡಬೇಕಾಯಿತು. ಒಂದು ಮಾತಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎಂದು ಗೆಳೆಯ ಕೇಳುತ್ತಾನೆ. ನನಗೂ ಅದು ಹೆಚ್ಚಾಯಿತು ಅನ್ನಿಸುತ್ತದೆ. ಊರಿಗೆ ಊರೇ ಒಬ್ಬನ ಮೇಲೆ ಬೀಳುವಾಗ ನನಗೆ ಎಂಟನೆಯ ತರಗತಿಯ ನಗುವೇ ಕೇಳಿಸುತ್ತದೆ. ಆದರೆ ಗೆಳೆಯ ಆ ಕಥೆಯ ಅರ್ಧವನ್ನು ಬಿಟ್ಟು ಹೇಳುತ್ತಾನೆ. ಆ ದಿನಗಳಲ್ಲಿ ಜಗತ್ತಿನ ಎಷ್ಟೋ ಮಹಿಳಾ ವಿಜ್ಞಾನಿಗಳು ತಮ್ಮ ಕೆಲಸದ ಫೋಟೋ ಹಾಕಿದರು. ತಲೆಯಿಂದ ಕಾಲಿನವರೆಗೆ ರಕ್ಷಣಾ ಉಡುಪು, ಮುಖವಾಡ, ಕೆಸರು ಮೆತ್ತಿದ ಬೂಟು. ಕೆಳಗೆ, ನೋಡಿ ನಾವು ಎಷ್ಟು ಮೋಹಕವಾಗಿದ್ದೇವೆ ಅನ್ನುವಂಥ ಒಕ್ಕಣೆ. ಹಂಟ್ ಅವರ ಮಾತಿಗಿಂತ ಅದು ಹತ್ತು ಪಟ್ಟು ಚೆನ್ನಾದ ಜೋಕು. ಅವರಿಗೆ ನಗು ಬರುವುದಿಲ್ಲ ಎಂದು ಯಾರು ಹೇಳಿದ್ದು?

ಕಾಗದದಲ್ಲಿ ಇದ್ದದ್ದು

ಕೊನೆಗೆ, ನಾಲ್ಕೈದು ತಿಂಗಳಾದ ಮೇಲೆ, ಸಹಿ ಹಾಕಿಸಲು ಹೋದಾಗ ಕೇಳಿಯೇಬಿಟ್ಟೆ. ಈ ಸಲ ‘ದರೆ’ ಇಲ್ಲದೆ. ‘ಮೇಡಂ, ಅವತ್ತು ನಾನು ಹೇಳಿದ್ದು ತಪ್ಪು. ಆ ಕಾಗದದಲ್ಲಿ ಏನಿತ್ತು?’ ಅವರು ಪೆನ್ನು ಕೆಳಗಿಟ್ಟರು.

‘ಒಂದು ಜೋಕು ಇತ್ತು ಸರ್. ನಿಮ್ಮ ಮೇಲೆ.’

ನನ್ನ ಕಿವಿ ಬಿಸಿಯಾಯಿತು. ಅವರು ಹೇಳಿದರು: ‘ಕೆಲಸಕ್ಕೆ ಸೇರುವ ಹಿಂದಿನ ದಿನ, ಎಷ್ಟು ಗಂಟೆಗೆ ಬರಬೇಕು, ಯಾರನ್ನ ನೋಡಬೇಕು ಅಂತ ಕೇಳೋಕೆ ಫೋನ್ ಮಾಡಿದ್ದೆ. ಆಗ ಇಲ್ಲಿ ಒಬ್ಬ ಹೆಂಗಸೂ ಇಲ್ಲ ಅಂತ ಹೆದರಿಸಿದ್ರು. ಫೋನ್ ಎತ್ತಿದವರು ಎಷ್ಟು ಚೆನ್ನಾಗಿ ಮಾತಾಡಿಸಿದ್ರು ಅಂದ್ರೆ, ಸದ್ಯ, ಒಬ್ಬ ಅಕ್ಕ ಇದ್ದಾರಲ್ಲ ಅಂತ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಬಂದು, ಫೋನ್ ಎತ್ತಿದ ಮೇಡಂ ಎಲ್ಲಿ ಅಂದ್ರೆ ಎಲ್ಲರೂ ಒಂದು ಮೀಸೆ ತೋರಿಸಿದ್ರು. ಇವತ್ತಿಗೂ ಆ ಅಕ್ಕನ್ನ ಹುಡುಕ್ತಾನೇ ಇದ್ದೀನಿ.’

ಆ ದಿನ ಕೇಳಿದವರು ಇವರೇ ಅನ್ನುವುದನ್ನು ನಾನು ಮರೆತಿರಲಿಲ್ಲ. ಅಷ್ಟು ವರ್ಷ ಅದನ್ನೊಂದು ಮುಳ್ಳಿನ ಹಾಗೆ ಇಟ್ಟುಕೊಂಡಿದ್ದೆ. ಮೈಕಿನಲ್ಲಿ ಅದರ ಬಾಕಿ ತೀರಿಸಿಕೊಂಡೆನೋ ಏನೋ, ಗೊತ್ತಿಲ್ಲ. ನನ್ನನ್ನು ಹೆಂಗಸು ಅಂದುಕೊಂಡದ್ದರಿಂದ ಯಾರಿಗಾದರೂ ಧೈರ್ಯ ಬಂದಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

‘ಯಾಕೆ ಓದಲಿಲ್ಲ ಮೇಡಂ?’

‘ನೀವು ಅದನ್ನ ಹೇಳಿದ ಮೇಲೆ ಇದನ್ನ ಓದಿದ್ರೆ, ಸೇಡು ತೀರಿಸಿಕೊಂಡೆ ಅಂದ್ಕೊಂಡು ನಿಮ್ಮನ್ನ ನೋಡಿ ನಗೋರು. ನಾನು ಬರ್ಕೊಂಡು ಬಂದಿದ್ದು ಆ ನಗೂಗಲ್ಲ.’

ಇದನ್ನು ಬರೆಯಲೇ ಎಂದು ಮೊನ್ನೆ ಅನುಮತಿ ಕೇಳಿದೆ. ‘ಬರೀರಿ, ಪರವಾಗಿಲ್ಲ’ ಅಂದರು. ಬಾಗಿಲ ತನಕ ಬಂದವನನ್ನು ಮತ್ತೆ ಕರೆದು, ‘ಆದ್ರೆ ನನ್ನ ಜೋಕನ್ನ ನೀವು ಮೈಕಿನಲ್ಲಿ ಮಾತ್ರ ಹೇಳಬೇಡಿ ಸರ್. ನಿಮಗೆ ಟೈಮಿಂಗ್ ಸಾಲದು’ ಎಂದರು. ನಾನು ಅವರ ಕಣ್ಣು ನೋಡಿದೆ. ನಗುತ್ತಿತ್ತು.